ದೇಹದ ಬಸಿಗಾಲುವೆಗಳು

ನರಸಿಂಹರಾಜಪುರದ ಸುತ್ತಣ ಅಡಿಕೆ ತೋಟಗಳನ್ನು ಕಂಡವರಿಗೆ ಬಸಿಗಾಲುವೆಯ ಮಹತ್ವವನ್ನು ವಿವರಿಸಬೇಕಾಗಿಲ್ಲ. ತೋಟಕ್ಕೆ ನೀರುಣಿಸುವುದು ಎಷ್ಟು ಮುಖ್ಯವೋ, ಹೆಚ್ಚಾದ ನೀರನ್ನು ಬಸಿದು ಹೊರಗೆ ಸಾಗಿಸುವುದೂ ಅಷ್ಟೇ ಮುಖ್ಯ. ಮಳೆಗಾಲಕ್ಕೆ ಮುನ್ನ ಕಾಲುವೆಯ ಹೂಳೆತ್ತದಿದ್ದರೆ ಮರದ ಬೇರಿಗೇ ಸಂಚಕಾರ. ನಮ್ಮ ಶರೀರದಲ್ಲಿಯೂ ಇಂಥದೇ ಒಂದು ಏರ್ಪಾಡಿದೆ. ಅದಕ್ಕೆ ದುಗ್ಧರಸ ವ್ಯೂಹವೆಂದು ಹೆಸರು. ಹೃದಯ, ರಕ್ತನಾಳಗಳ ವಿಚಾರವನ್ನು ಶಾಲೆಯ ಮಕ್ಕಳೂ ಬಲ್ಲರು. ಇದರ ಹೆಸರನ್ನು ಕೇಳಿದ ಹಿರಿಯರೂ ವಿರಳ. ಕುತ್ತಿಗೆಯಲ್ಲೋ ಕಂಕುಳಲ್ಲೋ ಗಂಟೊಂದು ಕಾಣಿಸಿಕೊಂಡಾಗ ಮನೆಮಂದಿ ಕಂಗಾಲಾಗುವುದಕ್ಕೂ, ಅನೇಕ ವೇಳೆ ಅದನ್ನು ಮುಚ್ಚಿಡುವುದಕ್ಕೂ ಈ ಅಪರಿಚಯವೇ ಕಾರಣವೆಂದು ನಾವು ಭಾವಿಸುತ್ತೇವೆ.

ಕೂದಲಿಗಿಂತಲೂ ಸೂಕ್ಷ್ಮವಾದ ರಕ್ತನಾಳಗಳಿಂದ ತಿಳಿಯಾದ ದ್ರವವೊಂದು ಸದಾ ಜಿನುಗಿ ಅಂಗಾಂಶಗಳನ್ನು ನೆನೆಸುತ್ತಿರುತ್ತದೆ. ಜೀವಕೋಶಗಳಿಗೆ ಆಹಾರ ತಲುಪುವುದು ಇದರ ಮೂಲಕವೇ. ಹೀಗೆ ಹೊರಬಿದ್ದುದನ್ನು ಮರಳಿ ಸಂಗ್ರಹಿಸುವುದು ದುಗ್ಧನಾಳಗಳ ಕೆಲಸ. ದಿನವೊಂದಕ್ಕೆ ಸುಮಾರು 2ರಿಂದ 4 ಲೀಟರ್ ದುಗ್ಧರಸ ಈ ಮಾರ್ಗವಾಗಿ ರಕ್ತವನ್ನು ಸೇರುತ್ತದೆ. ಎರಡು ಕಾಲುಗಳು, ಹೊಟ್ಟೆ ಮತ್ತು ಶರೀರದ ಎಡ ಮೇಲ್ಭಾಗದ ರಸವೆಲ್ಲ ಎದೆಗೂಡಿನೊಳಗೆ, ಬೆನ್ನೆಲುಬಿನ ಮುಂದೆ ಮೇಲೇರುವ ಒಂದು ಹಿರಿಯ ನಾಳಕ್ಕೆ ಬಂದು, ಎಡ ಕುತ್ತಿಗೆಯ ಬುಡದಲ್ಲಿ ಅಭಿಧಮನಿಗೆ ಸುರಿಯುತ್ತದೆ. ಬಲಗೈ, ತಲೆ ಮತ್ತು ಎದೆಗಳ ಬಲಭಾಗಕ್ಕೆ ಮಾತ್ರ ಬೇರೆಯದೊಂದು ಕಿರುನಾಳ. ರಕ್ತಕ್ಕೆ ಹೃದಯವಿರುವಂತೆ ಇದಕ್ಕೆ ಪ್ರತ್ಯೇಕ ಪಂಪಿಲ್ಲ. ನಾಳಗಳು ತಾವೇ ಮೆಲ್ಲನೆ ಸಂಕುಚಿಸುತ್ತವೆ; ನಡಿಗೆಯಲ್ಲಿ ಸ್ನಾಯುಗಳು ಒತ್ತುತ್ತವೆ, ಉಸಿರಾಟ ಮೇಲಕ್ಕೆ ಸೆಳೆಯುತ್ತದೆ. ಒಳಗಿರುವ ಕವಾಟಗಳು ಹಿಮ್ಮುಖ ಹರಿವನ್ನು ತಡೆಯುತ್ತವೆ.

‘ದುಗ್ಧ’ವೆಂಬ ಹೆಸರೇಕೆ? 1622ರಲ್ಲಿ ಇಟಲಿಯ ವೈದ್ಯ ಗ್ಯಾಸ್ಪರೋ ಅಸೆಲ್ಲಿ, ಆಗ ತಾನೇ ಆಹಾರ ತಿಂದಿದ್ದ ನಾಯಿಯೊಂದರ ಕರುಳಿನ ಬಳಿ ಬಿಳಿಯ ಎಳೆಗಳನ್ನು ಕಂಡನು. ನರಗಳಿರಬೇಕೆಂದು ಒಂದನ್ನು ಕತ್ತರಿಸಿದಾಗ ಹಾಲಿನಂಥ ದ್ರವ ಹೊಮ್ಮಿತು. ಆಹಾರದ ಜಿಡ್ಡಿನಂಶ ಕರುಳಿನಿಂದ ಈ ನಾಳಗಳನ್ನೇ ಹಿಡಿದು ಸಾಗುತ್ತದೆ. ಹೋಳಿಗೆಯ ಮೇಲೆ ನಾವು ಸುರಿದುಕೊಂಡ ತುಪ್ಪವೂ ಬಹುಪಾಲು ಈ ದಾರಿಯಲ್ಲೇ ರಕ್ತಕ್ಕೆ ಸೇರುತ್ತದೆ! ಮಿದುಳಿನ ಹೊದಿಕೆಯಲ್ಲಿಯೂ ಇಂಥ ನಾಳಗಳಿವೆಯೆಂಬುದು ಖಚಿತವಾಗಿ ತಿಳಿದದ್ದಾದರೋ ತೀರ ಈಚೆಗೆ, 2015ರಲ್ಲಿ.

ಕಾಲುವೆಗಳ ದಾರಿಯುದ್ದಕ್ಕೂ ಅವರೆಕಾಳಿನಾಕಾರದ ಗ್ರಂಥಿಗಳಿವೆ. ಒಟ್ಟು ಐದಾರು ನೂರು. ಕುತ್ತಿಗೆ, ಕಂಕುಳು, ತೊಡೆಸಂದಿಗಳಲ್ಲಿ ಇವು ಗುಂಪುಗೂಡಿವೆ. ಮಲೆನಾಡಿನ ರಸ್ತೆಗಳಲ್ಲಿ ಅರಣ್ಯ ಇಲಾಖೆಯ ತಪಾಸಣಾ ಠಾಣೆಗಳಿರುವಂತೆಯೇ ಇವೂ ಹಾದುಹೋಗುವ ರಸವನ್ನು ಪರೀಕ್ಷಿಸುತ್ತವೆ. ರೋಗಾಣು ಕಂಡರೆ ಇಲ್ಲಿಯ ಬಿಳಿ ರಕ್ತಕಣಗಳು ಅದರ ಗುರುತು ಹಿಡಿದು ತಮ್ಮ ಸಂಖ್ಯೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಆಗ ಗ್ರಂಥಿ ಊದಿಕೊಳ್ಳುತ್ತದೆ. ಹಿಮ್ಮಡಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟೇಳುವುದು ಇದಕ್ಕಾಗಿ. ವಾಸಿ ಮಾಡಬೇಕಾದದ್ದು ಹಿಮ್ಮಡಿಯನ್ನು. ಗಂಟಿಗೆ ಸುಣ್ಣ ಬಳಿಯುವುದು, ಬರೆ ಹಾಕುವುದು, ತಿಕ್ಕಿ ಕರಗಿಸಲು ಹೊರಡುವುದು ಸುದ್ದಿ ತಂದವನನ್ನೇ ದಂಡಿಸಿದಂತೆ.

ಈ ಭಾಗದ ಜನರಿಗೆ ಗ್ರಂಥಿಯ ಊತ ಇನ್ನೊಂದು ಕಾರಣಕ್ಕೂ ಪರಿಚಿತವಾಗಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ, ಇತ್ತೀಚಿನ ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿಯೂ ಪ್ರಾಣಹಾನಿ ಮಾಡಿದೆ. ಉಣುಗು ಕಚ್ಚಿದ ಕೆಲವು ದಿನಗಳಲ್ಲಿ ಹಠಾತ್ತನೆ ತೀವ್ರ ಜ್ವರ, ಹಣೆನೋವು, ಮೈಕೈ ಮುರಿಯುವಂಥ ನೋವು, ಕೆಂಗಣ್ಣು. ಅನೇಕರಲ್ಲಿ ಕುತ್ತಿಗೆ, ಕಂಕುಳಿನ ಗ್ರಂಥಿಗಳು ಊದುತ್ತವೆ. ಕಾವಲುಗಾರರಾದ ಬಿಳಿಕಣಗಳೇ ರಕ್ತದಲ್ಲಿ ಇಳಿಮುಖವಾಗುವುದು ಈ ರೋಗದ ಕ್ರೌರ್ಯ. ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರು ಹೆಚ್ಚಾಗಿ ಗುಣವಾಗುತ್ತಾರೆ. ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆ ಕೊಡುವ ಡೀಪಾ ತೈಲವನ್ನು ಹಚ್ಚಿಕೊಂಡು, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ವರದಿ ಮಾಡಬೇಕು.

ಘಟ್ಟದ ಕೆಳಗಿನ ಕರಾವಳಿಯಲ್ಲಿಯೂ, ಬೀದರ್, ಕಲಬುರ್ಗಿಗಳ ಕಡೆಯೂ ಕಾಲುವೆಗಳೇ ಕೆಡುವ ರೋಗವೊಂದಿತ್ತು, ಪೂರ್ತಿ ಹೋಗಿಲ್ಲ. ಸೊಳ್ಳೆಯಿಂದ ಬಂದ ಹುಳು ದುಗ್ಧನಾಳದಲ್ಲಿ ಹಲವು ವರ್ಷ ಬದುಕಿ ಅದನ್ನು ಹಾಳುಗೆಡಹುತ್ತದೆ. ಬಸಿಯಲಾಗದ ರಸ ಕಾಲಿನಲ್ಲೇ ನಿಂತು ಆನೆಕಾಲಾಗುತ್ತದೆ. ದಿನವೂ ಸಾಬೂನಿನಿಂದ ತೊಳೆದು ಬೆರಳ ಸಂದುಗಳನ್ನು ಒರಸಿ ಒಣಗಿಸುವ ಸರಳ ಕ್ರಮದಿಂದ ಜ್ವರದ ಮರುಕಳಿಕೆ ತಗ್ಗುತ್ತದೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಕೆಲವು ತಾಯಂದಿರ ತೋಳು ಊದುವುದೂ ಇದೇ ತತ್ತ್ವದಿಂದ. ಆ ಕೈಗೆ ಗಾಯವಾಗದಂತೆ ಮನೆಯವರು ನೋಡಿಕೊಳ್ಳಬೇಕು.

ಇನ್ನು ಮುಚ್ಚಿಡುವ ವಿಚಾರ. ನೋವಿಲ್ಲದೆ ಎರಡು ಮೂರು ವಾರವಾದರೂ ಇಳಿಯದ, ಗಟ್ಟಿಯಾಗುತ್ತ ಬೆಳೆಯುವ ಗಂಟನ್ನು ವೈದ್ಯರಿಗೆ ತೋರಿಸಲೇಬೇಕು. ಸಂಜೆಯ ಜ್ವರ, ತೂಕದ ಇಳಿತ ಜೊತೆಗಿದ್ದರಂತೂ ಒಂದು ದಿನವೂ ತಡಮಾಡಲಾಗದು. ಕೆಲವೊಮ್ಮೆ ಅದು ಕ್ಯಾನ್ಸರ್ ಇರಬಹುದು. ನಮ್ಮ ದೇಶದಲ್ಲಿ ಅನೇಕ ವೇಳೆ ಹಿಂದಿನವರು ಗಂಡಮಾಲೆಯೆಂದು ಕರೆದ ಗ್ರಂಥಿಕ್ಷಯ. ಮದುವೆಗೆ ಬಂದ ಮಗಳ ಕುತ್ತಿಗೆಯ ಗಂಟನ್ನು ಸೆರಗಿನಲ್ಲೋ ದುಪಟ್ಟದಲ್ಲೋ ಮರೆಮಾಚಿ, ಅದು ಒಡೆದು ಸೋರುವವರೆಗೂ ಕಾಯುವ ಮನೆಗಳಿವೆ. ಆಮೇಲೆ ಉಳಿಯುವ ಕಲೆಯನ್ನು ಯಾವ ಸೆರಗೂ ಮರೆಮಾಡಲಾರದು. ಸೂಜಿಯಿಂದ ಒಂದು ಹನಿ ತೆಗೆದು ಪರೀಕ್ಷಿಸಿದರೆ ಸಾಮಾನ್ಯವಾಗಿ ರೋಗ ಯಾವುದೆಂದು ತಿಳಿದುಬರುತ್ತದೆ. ಔಷಧಿಯನ್ನು ಸಾಮಾನ್ಯವಾಗಿ ಆರು ತಿಂಗಳು, ಒಂದು ದಿನವೂ ತಪ್ಪದೆ, ನುಂಗಬೇಕು; ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಶ್ವಾಸಕೋಶದಲ್ಲಿ ಕ್ಷಯವಿಲ್ಲದಿದ್ದರೆ ಗ್ರಂಥಿಕ್ಷಯ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತಟ್ಟೆ, ಹಾಸಿಗೆಗಳನ್ನು ಬೇರೆ ಮಾಡಬೇಕಾಗಿಲ್ಲ. ಚಿಕಿತ್ಸೆ ಪೂರೈಸಿ ಗುಣವಾದ ಹೆಣ್ಣುಮಗಳ ವಿವಾಹಕ್ಕೂ ಅದು ಅಡ್ಡಿಯಲ್ಲ. ಗಂಡಿನ ಕಡೆಯವರು ಕೇಳಿದರೆ ಹಾಗೆಂದೇ ಹೇಳಬಹುದು.