ಟೇಪು ಕತ್ತರಿಸಿದವರೇ, ಲೆಕ್ಕ ಕೊಡಿ

ಊರಾಚೆ ಲೇಔಟಿನಲ್ಲಿ ಹೊಸ ಶಾಲೆ ಎದ್ದಿತು. ಮೂರು ಅಂತಸ್ತು. ಗೇಟಿನ ಮುಂದೆ ಸಾಲಾಗಿ ಹಳದಿ ಬಸ್ಸುಗಳು. ಶಾಸಕರು ಬಂದು ಟೇಪು ಕತ್ತರಿಸಿದರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರು ಶಾಲು ಹೊದೆಸಿಕೊಂಡರು. ಮರುದಿನ ಪೇಪರಿನಲ್ಲಿ ಫೋಟೊ ಬಂತು. ಅಲ್ಲಿಂದ ಎರಡು ಕಿಲೋಮೀಟರಿಗೆ ಒಂದು ಹೈಸ್ಕೂಲಿದೆ. ಊರಿನವರು ಜಾಗ ಬಿಟ್ಟುಕೊಟ್ಟು, ಮನೆಮನೆ ತಿರುಗಿ ಚಂದಾ ಎತ್ತಿ ಕಟ್ಟಿಸಿದ ಹೈಸ್ಕೂಲು. ಇನ್ನು ಅದರ ಗತಿ ಏನು ಎಂದು ಆ ವೇದಿಕೆಯ ಮೇಲೆ ಯಾರಾದರೂ ಬಾಯಿ ಬಿಟ್ಟರೆ?

ಒಬ್ಬರೂ ಇಲ್ಲ.

ನಮ್ಮ ರಾಜ್ಯದ ಯಾವ ತಾಲ್ಲೂಕಿಗಾದರೂ ಹೋಗಿ, ಇದೇ ಕಥೆ. ಹೊಸದನ್ನು ತೆರೆಯುವುದಕ್ಕೆ ಸಮಾರಂಭ ಇದೆ. ಹಳೆಯದನ್ನು ಕೊಲ್ಲುವುದಕ್ಕೆ ಸಮಾರಂಭವೂ ಬೇಡ, ಆದೇಶವೂ ಬೇಡ. ಪಕ್ಕದಲ್ಲಿ ಹೊಸದಕ್ಕೆ ಅನುಮತಿ ಕೊಟ್ಟು ಸುಮ್ಮನೆ ಕೂತರೆ ಸಾಕು.

ಮಕ್ಕಳೇನು ಮುಗಿಲಿನಿಂದ ಉದುರುತ್ತಾರೆಯೆ? ಒಂದು ಹೋಬಳಿಯಲ್ಲಿ ಈ ವರ್ಷ ಏಳನೇ ತರಗತಿ ಮುಗಿಸುವವರು ಹೆಚ್ಚುಕಡಿಮೆ ಎಷ್ಟು ಜನ ಎಂಬುದು ಅವರು ಒಂದನೇ ತರಗತಿಗೆ ಸೇರಿದ ದಿನವೇ ಇಲಾಖೆಗೆ ಗೊತ್ತಿರುತ್ತದೆ. ದಾಖಲಾತಿ ರಿಜಿಸ್ಟರಿನಲ್ಲಿ ಹೆಸರುಗಳಿರುತ್ತವೆ. ಆ ಸಂಖ್ಯೆ ಏರುತ್ತಲೂ ಇಲ್ಲ. ಐದನೇ ಸುತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಹುಟ್ಟುವ ಮಕ್ಕಳು ಕಡಿಮೆಯಾಗಿದ್ದಾರೆ, ಹೊಸ ಶಾಲೆಗಳ ಬೋರ್ಡುಗಳು ಮಾತ್ರ ಏಳುತ್ತಲೇ ಇವೆ. ಹೊಸ ಶಾಲೆಯ ಬೆಂಚು ತುಂಬಬೇಕಾದರೆ ಹಳೇ ಶಾಲೆಯ ಬೆಂಚು ಖಾಲಿಯಾಗಲೇಬೇಕು. ಇಷ್ಟು ಕೂಡುವ ಕಳೆಯುವ ಲೆಕ್ಕ ವಿಧಾನಸೌಧಕ್ಕೆ ಬರುವುದಿಲ್ಲವೆ?

ಹೈಸ್ಕೂಲು ಒಂದೇ ದಿನಕ್ಕೆ ಸಾಯುವುದಿಲ್ಲ. ಮೊದಲು ಎಂಟನೇ ತರಗತಿಯ 'ಬಿ' ಸೆಕ್ಷನ್ ಹೋಗುತ್ತದೆ. ಸೆಕ್ಷನ್ ಹೋದ ಮೇಲೆ ಮೇಷ್ಟ್ರು ಉಳಿಯುತ್ತಾರೆಯೆ? ಇಲಾಖೆಯ ಪಟ್ಟಿಯಲ್ಲಿ ಒಬ್ಬರ ಹೆಸರಿನ ಮುಂದೆ 'ಹೆಚ್ಚುವರಿ' ಎಂದು ಬೀಳುತ್ತದೆ. ವರ್ಷಗಟ್ಟಲೆ ಅಲ್ಲೇ ಗಣಿತ ಹೇಳಿಕೊಟ್ಟ ಪಿಸಿಎಂ ಮೇಷ್ಟ್ರು ಕೌನ್ಸೆಲಿಂಗಿಗೆ ಹೋಗಿ ಇನ್ನೊಂದು ಊರು ಹಿಡಿಯುತ್ತಾರೆ. ಉಳಿದ ಜೀವಶಾಸ್ತ್ರದ ಸಿಬಿಝಡ್ ಮೇಡಂ ತಲೆಗೆ ಗಣಿತವೂ ಬೀಳುತ್ತದೆ. ಇಲ್ಲವೇ ಅತಿಥಿ ಶಿಕ್ಷಕರ ದಾರಿ ಕಾಯಬೇಕು. ಅವರು ಬರುವ ಹೊತ್ತಿಗೆ ಮೊದಲ ಪಾಠಗಳು ತಪ್ಪಿಹೋಗಿರುತ್ತವೆ. ಬಂದವರಿಗೂ ಗೌರವಧನ ತಿಂಗಳುಗಟ್ಟಲೆ ಬಾಕಿ. ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ. ಫಲಿತಾಂಶ ಬೀಳುತ್ತದೆ. ಬೀಳದೆ ಇನ್ನೇನಾಗುತ್ತದೆ?

ಆಗ ಹೆಡ್‌ಮಾಸ್ಟರಿಗೆ ಕಾರಣ ಕೇಳಿ ನೋಟಿಸು. ಫಲಿತಾಂಶ ಏಕೆ ಕಡಿಮೆ? ದಾಖಲಾತಿ ಏಕೆ ಕಡಿಮೆ? ನೋಟಿಸು ಕಳಿಸಿದವರು ಯಾರು? ಹೊಸ ಶಾಲೆಯ ಕಡತಕ್ಕೆ ಶಿಫಾರಸು ಬರೆದ ಅದೇ ಇಲಾಖೆ. ಮಾಡಿದವರು ಪ್ರಶ್ನೆ ಕೇಳುತ್ತಾರೆ, ಪೆಟ್ಟು ತಿಂದವರು ಉತ್ತರ ಬರೆಯಬೇಕು. ನೋಟಿಸಿನ ಸುದ್ದಿ ಊರಿಗೆ ಹರಡುತ್ತದೆ. 'ಆ ಸ್ಕೂಲು ಸರಿ ಇಲ್ಲವಂತೆ.' ಮುಂದಿನ ಜೂನಿಗೆ ಇನ್ನಷ್ಟು ಮಕ್ಕಳು ಖಾಲಿ.

ಅನುದಾನಿತ ಹೈಸ್ಕೂಲುಗಳ ಪಾಡು ನೋಡಿದರೆ ಹೊಟ್ಟೆ ಉರಿಯುತ್ತದೆ. ತರಗತಿಗೆ ಇಷ್ಟು ಮಕ್ಕಳು ಇರಲೇಬೇಕು, ಇಲ್ಲದಿದ್ದರೆ ಅನುದಾನಕ್ಕೆ ಕುತ್ತು. ನಿವೃತ್ತರಾದವರ ಹುದ್ದೆ ತುಂಬಲು ವರ್ಷಗಟ್ಟಲೆ ಅಲೆಯಬೇಕು. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳಂತೂ ಅನುದಾನ ಕೊಡಿ ಎಂದು ದಶಕಗಳಿಂದ ಬಾಗಿಲು ಬಡಿದು ಸುಸ್ತಾಗಿವೆ. ಏಪ್ರಿಲ್ ಬಿಸಿಲಿನಲ್ಲಿ ಕರಪತ್ರ ಹಿಡಿದು ಕೇರಿಕೇರಿ ಸುತ್ತುವ ಮೇಷ್ಟ್ರುಗಳನ್ನು ನೀವು ನೋಡಿಲ್ಲವೆ? ತಮ್ಮ ಸಂಬಳದಿಂದಲೇ ಆಟೋ ಬಾಡಿಗೆ ಕಟ್ಟುತ್ತಾರೆ. ನೋಟ್‌ಬುಕ್ಕು, ಯೂನಿಫಾರ್ಮು ಕೊಡಿಸುತ್ತಾರೆ. 'ದಮ್ಮಯ್ಯ, ನಿಮ್ಮ ಮಗಳನ್ನ ನಮ್ಮ ಶಾಲೆಗೇ ಕಳಿಸಿ' ಎಂದು ಜಗಲಿಯ ಮೇಲೆ ಕೂತು ಬೇಡುತ್ತಾರೆ. ಪಾಠ ಹೇಳಬೇಕಾದವರನ್ನು ಭಿಕ್ಷೆಗೆ ನಿಲ್ಲಿಸಿದವರು ಯಾರು?

ಅಂಥ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ನಾನು ಟಿ.ಸಿ. ಪುಸ್ತಕ ತಿರುವಿದ್ದೇನೆ. ಹರಿದು ಕೊಟ್ಟ ಹಾಳೆಯ ಅರ್ಧ ಭಾಗ ಪುಸ್ತಕದಲ್ಲೇ ಉಳಿದಿರುತ್ತದಲ್ಲ, ಅದರಲ್ಲಿ 'ಶಾಲೆ ಬಿಡಲು ಕಾರಣ' ಎಂದೊಂದು ಸಾಲು. ಪುಟ ತಿರುವಿದಷ್ಟೂ ಒಂದೇ ಕೈಬರಹ, ಒಂದೇ ಉತ್ತರ: 'ಪೋಷಕರ ಕೋರಿಕೆ ಮೇರೆಗೆ.' ನೀಲಿ ಇಂಕು, ಕೆಳಗೆ ಸೀಲು. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಬೀರು. ಗಾಜಿನ ಹಿಂದೆ ಬೀಕರುಗಳು, ಒಂದು ಸ್ಪಿರಿಟ್ ಲ್ಯಾಂಪು, ಎಲ್ಲದರ ಮೇಲೂ ಬೆರಳಲ್ಲಿ ಹೆಸರು ಬರೆಯುವಷ್ಟು ದೂಳು. ಹೆಡ್‌ಮಾಸ್ಟರು ಅಂದರು: "ಹೋಗೋರೆಲ್ಲ ಹೋದ್ರು ಸಾರ್. ಹೋಗಕ್ಕಾಗದೇ ಇರೋರು ಉಳಿದವ್ರೆ."

ಹೋಗಕ್ಕಾಗದೇ ಇರೋರು ಯಾರು? ಕೂಲಿಗೆ ಹೋಗುವವರ ಮಕ್ಕಳು. ಡೊನೇಷನ್ ಹೊಂದಿಸಲಾಗದ ಮನೆಯ ಮಕ್ಕಳು. ಹೆಣ್ಣುಮಕ್ಕಳು. ಒಂದೇ ಮನೆಯ ಅಣ್ಣ ಹಳದಿ ಬಸ್ಸು ಹತ್ತುತ್ತಾನೆ, ತಂಗಿ ನಡೆದುಕೊಂಡು ಹಳೇ ಹೈಸ್ಕೂಲಿಗೆ ಹೋಗುತ್ತಾಳೆ. ಅವಳ ಶಾಲೆಯಿಂದಲೇ ಗಣಿತದ ಮೇಷ್ಟ್ರನ್ನು ಕಿತ್ತುಕೊಂಡಿರಿ. ಅವಳ ಶಾಲೆಯ ಲ್ಯಾಬಿಗೇ ಬೀಗ ಹಾಕಿದಿರಿ. 'ಪೋಷಕರ ಕೋರಿಕೆ'ಯಂತೆ! ಈ ಹುಡುಗಿಯ ಅಪ್ಪ ಅವ್ವ ಯಾವಾಗ, ಯಾವ ಕಚೇರಿಯಲ್ಲಿ ಇದನ್ನು ಕೋರಿದರು?

ಪಕ್ಕದ ಶಾಲೆಗೆ ಪೆಟ್ಟು ಬೀಳುತ್ತದೆಂದು ಸರ್ಕಾರಕ್ಕೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಬೇಡಿ. ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಶೇ 25ರ ಕೋಟಾದಲ್ಲಿ ಖಾಸಗಿ ಶಾಲೆಗೆ ಸೇರಿದ ಒಂದೊಂದು ಮಗುವಿಗೂ ಇದೇ ಸರ್ಕಾರ ಬೊಕ್ಕಸದಿಂದ ಶುಲ್ಕ ಕಟ್ಟಿತು. ವರ್ಷಕ್ಕೆ ಗರಿಷ್ಠ 16,000 ರೂಪಾಯಿವರೆಗೆ. ಕೆಲವೇ ವರ್ಷದಲ್ಲಿ ಸರ್ಕಾರಿ ಶಾಲೆಗಳು ಬರಿದಾಗುವುದು ಕಣ್ಣಿಗೆ ರಾಚಿತು. ಆಗ 2019ರಲ್ಲಿ ನಿಯಮ ತಿದ್ದಿದರು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಕೋಟಾದ ಮಕ್ಕಳಿಲ್ಲ ಎಂದರು. ಹೈಕೋರ್ಟು ಅದೇ ವರ್ಷ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು.

ಅಂದರೆ ಬಡವರ ಮಗು ಖಾಸಗಿ ಶಾಲೆಗೆ ಹೊರಟಾಗ ಪಕ್ಕದ ಸರ್ಕಾರಿ ಶಾಲೆ ನೆನಪಾಯಿತು. ದುಡ್ಡಿದ್ದವನು ಖಾಸಗಿ ಶಾಲೆ ಕಟ್ಟುತ್ತೇನೆಂದು ಬಂದಾಗ ಅದೇ ಪಕ್ಕದ ಶಾಲೆ ಏಕೆ ನೆನಪಾಗುವುದಿಲ್ಲ? ಬಡವರಿಗೆ ಒಂದು ನಿಯಮ, ಉಳ್ಳವರಿಗೆ ಇನ್ನೊಂದೆ? ಹೊಸ ಶಾಲೆಯವರ ಹತ್ತಿರ ಕಟ್ಟಡ ಸುರಕ್ಷತೆಯ ಪತ್ರ ಕೇಳುತ್ತೀರಿ. ಅಗ್ನಿಶಾಮಕ ದಳದ ಪತ್ರ ಕೇಳುತ್ತೀರಿ. ಕೇಳಲೇಬೇಕು, ಮಕ್ಕಳ ಜೀವದ ಪ್ರಶ್ನೆ. ಆದರೆ ಪಕ್ಕದ ಹೈಸ್ಕೂಲಿನ ಮಕ್ಕಳ ಬಾಳಿನ ಪ್ರಶ್ನೆಯನ್ನು ಯಾವ ಪತ್ರದಲ್ಲಿ ಕೇಳಿದಿರಿ?

'ಕೋರ್ಟು ಕೈ ಕಟ್ಟಿದೆ' ಎನ್ನುತ್ತೀರಿ. 2014ರ ಮೇ 6ರ ಸುಪ್ರೀಂ ಕೋರ್ಟ್ ತೀರ್ಪನ್ನು ಗುರಾಣಿಯಂತೆ ಹಿಡಿಯುತ್ತೀರಿ. ಆ ತೀರ್ಪು ಪ್ರಾಥಮಿಕ ಶಾಲೆಯ ಬೋಧನಾ ಮಾಧ್ಯಮದ ಬಗ್ಗೆ. ಅಕ್ಕಪಕ್ಕದ ಶಾಲೆಯ ಲೆಕ್ಕ ನೋಡಬೇಡಿ ಎಂದು ಅದು ಎಲ್ಲಿ ಹೇಳಿದೆ?

ಖಾಸಗಿಯವರನ್ನು ಮಾತ್ರ ಬೈದು ಮುಗಿಸುವಂತಿಲ್ಲ. ಸರ್ಕಾರ ತನ್ನ ಎಡಗೈಯಿಂದ ಕಟ್ಟಿದ್ದನ್ನು ಬಲಗೈಯಿಂದ ಕೆಡವುತ್ತಿದೆ. ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಎಂಟನೇ ತರಗತಿ ತೆರೆದರು. ಹತ್ತಿರದ ಸರ್ಕಾರಿ ಹೈಸ್ಕೂಲಿನ ಎಂಟನೇ ತರಗತಿ ಸೊರಗಿತು. ಹಿಂದುಳಿದ ತಾಲ್ಲೂಕುಗಳಲ್ಲಿ 74 ಆದರ್ಶ ವಿದ್ಯಾಲಯ ತೆರೆದರು, ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಂಡರು. ಅಲ್ಲಿ ಓದಿದ ಬಡ ಮಕ್ಕಳು ಮೇಲೆ ಬಂದಿದ್ದಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಊರಿನ ಹೈಸ್ಕೂಲಿನಲ್ಲಿ ಬೋರ್ಡಿನ ಮುಂದೆ ಧೈರ್ಯವಾಗಿ ನಿಂತು ಲೆಕ್ಕ ಬಿಡಿಸಬೇಕಿದ್ದ, ಪಕ್ಕದವನಿಗೂ ಹೇಳಿಕೊಡಬೇಕಿದ್ದ ಹುಡುಗಿಯನ್ನು ಎತ್ತಿಕೊಂಡು ಹೋದ ಮೇಲೆ ಆ ತರಗತಿಗೆ ಏನು ಕೊಟ್ಟಿರಿ? ಒಬ್ಬ ಹೆಚ್ಚಿನ ಮೇಷ್ಟ್ರನ್ನಾದರೂ ಕೊಟ್ಟಿರೆ?

ಈಗ ಕರ್ನಾಟಕ ಪಬ್ಲಿಕ್ ಶಾಲೆಗಳು. 2018ರ ಸುಮಾರಿಗೆ ಶುರುವಾದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಈಗ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲ ತಂದು ಇನ್ನೂ ನೂರಾರು ತೆರೆಯುವ ಉತ್ಸಾಹ. ಒಳ್ಳೇ ಕಟ್ಟಡ, ಒಳ್ಳೇ ಲ್ಯಾಬು ಯಾರಿಗೆ ಬೇಡ? ಆದರೆ ಸುತ್ತಲಿನ ಶಾಲೆಗಳನ್ನು ಅದರೊಳಗೆ ಸೇರಿಸುವ ಮಾತು ಬಂದಾಗ ಊರೂರಲ್ಲಿ ಜನ ಬೀದಿಗಿಳಿದರು. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ, ವಿಲೀನ ಅಷ್ಟೆ ಎಂಬುದು ಸರ್ಕಾರದ ಮಾತು. ಊರಿನ ಶಾಲೆಗೆ ಮಗು ಬರುವುದಿಲ್ಲ, ಮೇಷ್ಟ್ರು ಬರುವುದಿಲ್ಲ, ಗಂಟೆ ಹೊಡೆಯುವುದಿಲ್ಲ. ಅದಕ್ಕೆ ಮುಚ್ಚುವುದು ಎನ್ನದೆ ಏನೆನ್ನಬೇಕು?

ದೂರವಾದರೆ ಬಸ್ಸಿದೆ ಎನ್ನುತ್ತಾರೆ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ, ಒಪ್ಪಿದೆ. ಬಸ್ಸು ಎಲ್ಲಿ? ಬೆಳಿಗ್ಗೆ ಒಂದು, ಸಂಜೆ ಒಂದು, ಅದೂ ತುಂಬಿ ತುಳುಕಿ ನಿಲ್ಲಿಸದೇ ಹೋಗುವ ಊರುಗಳು ಎಷ್ಟಿಲ್ಲ? 2006ರಲ್ಲಿ ಶುರುವಾದ ಸೈಕಲ್ ಯೋಜನೆ ಕೋವಿಡ್ ಕಾಲದಲ್ಲಿ ನಿಂತೇಹೋಯಿತು. ಎಂಟನೇ ತರಗತಿಯ ಹುಡುಗಿಗೆ ಕೊಟ್ಟಿದ್ದ ಸೈಕಲ್ಲನ್ನು ಕಿತ್ತುಕೊಂಡು, ಅವಳ ಶಾಲೆಯನ್ನೂ ದೂರ ತಳ್ಳಿದರೆ ಅವಳು ಏನು ಮಾಡಬೇಕು? ಕತ್ತಲಾಗುವ ಮೊದಲು ಮಗಳು ಮನೆ ಸೇರಬೇಕು ಎನ್ನುವ ತಾಯಿಗೆ ಯಾವ ಅಧಿಕಾರಿ ಉತ್ತರ ಹೇಳುತ್ತಾನೆ? 'ಸಾಕು ಬಿಡು ಓದಿದ್ದು' ಎಂಬ ಮಾತು ಅಡುಗೆಮನೆಯಲ್ಲಿ ಹುಟ್ಟುವುದು ಹೀಗೆ. ಅದಾದ ಮೇಲೆ ಮದುವೆಯ ಮಾತು. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿಗೆ, 14 ವರ್ಷಕ್ಕೆ ನಿಲ್ಲುತ್ತದೆ. ಒಂಬತ್ತು, ಹತ್ತನೇ ತರಗತಿಯ ಮಗು ಆ ಕಾಯ್ದೆಯ ಹೊರಗೆ. ಶಾಲೆ ಕೈಬಿಟ್ಟರೆ ಕಾಯ್ದೆಯೂ ಕೈ ಹಿಡಿಯುವುದಿಲ್ಲ.

ಇನ್ನು ಶಾಸಕರೇ, ನಿಮ್ಮ ಹತ್ತಿರ ಒಂದು ಮಾತು. ಎಷ್ಟೋ ಊರುಗಳಲ್ಲಿ ಹಳೇ ಹೈಸ್ಕೂಲಿನ ಅಭಿವೃದ್ಧಿ ಸಮಿತಿಗೆ ನೀವೇ ಅಧ್ಯಕ್ಷರು. ಆ ಸಮಿತಿಯ ಸಭೆಗೆ ಕೊನೆಯ ಸಲ ಹೋದದ್ದು ಯಾವಾಗ? ಪಕ್ಕದಲ್ಲಿ ಎದ್ದ ಶಾಲೆಯ ಟೇಪು ಕತ್ತರಿಸಲು ಮಾತ್ರ ಬಿಡುವು ಸಿಗುವುದು ಹೇಗೆ? ನಿಮ್ಮಲ್ಲಿ ಕೆಲವರು ಶಾಲೆಗಳ ಒಡೆಯರೇ ಆಗಿದ್ದೀರಿ. ಅನುಮತಿ ಕೇಳುವ ಕೈ, ಅನುಮತಿ ಕೊಡಿಸುವ ಕೈ ಒಂದೇ ಆದಾಗ ಹಳೇ ಹೈಸ್ಕೂಲಿನ ಪರವಾಗಿ ಮಾತಾಡುವವರು ಯಾರು? ಐದನೇ ತರಗತಿವರೆಗೆ ಅನುಮತಿ ಪಡೆದು ಹತ್ತನೇ ತರಗತಿವರೆಗೆ ನಡೆಸುವ ಶಾಲೆಗಳಿವೆ. ಮಕ್ಕಳನ್ನು ಇನ್ಯಾವುದೋ ಶಾಲೆಯ ಹೆಸರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸುತ್ತಾರೆ. ಇದು ಬಿಇಒ ಕಚೇರಿಗೆ ಗೊತ್ತಿಲ್ಲವೆ? ಊರಿಗೆಲ್ಲ ಗೊತ್ತಿರುವುದು ಅವರೊಬ್ಬರಿಗೆ ಮಾತ್ರ ಗೊತ್ತಿಲ್ಲವೆ?

ನಮ್ಮದೂ ಪಾಲಿದೆ. ಸರ್ಕಾರಿ ಸಂಬಳದ ಮೇಷ್ಟ್ರುಗಳಲ್ಲಿ ಎಷ್ಟು ಜನ ಸ್ವಂತ ಮಕ್ಕಳನ್ನು ಸ್ವಂತ ಶಾಲೆಗೆ ಸೇರಿಸಿದ್ದಾರೆ? ಅದೇ ಹೈಸ್ಕೂಲಿನಲ್ಲಿ ಓದಿ ಬೆಂಗಳೂರು ಸೇರಿದವರು ಸುವರ್ಣ ಮಹೋತ್ಸವಕ್ಕೆ ಬಂದು ಕಣ್ಣೀರು ಹಾಕುತ್ತಾರೆ. ಗುರುವಂದನೆ, ಊಟ, ಗ್ರೂಪ್ ಫೋಟೊ. ಪಕ್ಕದ ಹೊಸ ಶಾಲೆಯ ಕಡತ ಬಿಇಒ ಮೇಜಿನ ಮೇಲಿದ್ದಾಗ ಇವರು ಎಲ್ಲಿದ್ದರು? ಒಂದು ತಕರಾರು ಅರ್ಜಿ ಬರೆಯಲು ಎಷ್ಟು ಹೊತ್ತು ಬೇಕಿತ್ತು?

ಹೊಸ ಶಾಲೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಶಾಲೆಯೇ ಇಲ್ಲದ ಹಾಡಿಗಳಿವೆ, ತಾಂಡಾಗಳಿವೆ. ಅಲ್ಲಿಗೆ ಹೋಗಿ ಕಟ್ಟಿ, ನಾವೂ ಬಂದು ಕಲ್ಲು ಹೊರುತ್ತೇವೆ. ಅಲ್ಲಿಗೆ ಯಾರೂ ಹೋಗುವುದಿಲ್ಲ. ಲಾಭ ಇರುವುದು ಈಗಾಗಲೇ ಹೈಸ್ಕೂಲು ಇರುವ ಜಾಗದಲ್ಲಿ. ಅಲ್ಲಿ ಜನ ಓದಿನ ರುಚಿ ಕಂಡಿದ್ದಾರೆ. ಆ ರುಚಿ ಹತ್ತಿಸಿದ್ದು ಹಳೇ ಹೈಸ್ಕೂಲು, ಅದರ ಫಸಲು ಕೊಯ್ಯುವವರು ಹೊಸಬರು.

ಆದ್ದರಿಂದ ಕೇಳುತ್ತೇವೆ. ಯಾವುದೇ ಹೊಸ ಹೈಸ್ಕೂಲಿಗೆ, ಅದು ಖಾಸಗಿಯಿರಲಿ ಸರ್ಕಾರದ್ದಿರಲಿ, ಅನುಮತಿ ಕೊಡುವ ಮುನ್ನ ಸುತ್ತ ಐದು ಕಿಲೋಮೀಟರಿನ ಪ್ರತಿ ಹೈಸ್ಕೂಲಿನ ಐದು ವರ್ಷದ ಎಂಟನೇ ತರಗತಿ ದಾಖಲಾತಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಿ. ಗ್ರಾಮಸಭೆಯಲ್ಲಿ ಓದಿ ಹೇಳಿ. ಹೊಸ ಶಾಲೆಯಿಂದ ಹಳೇ ಶಾಲೆಗೆ ಮಕ್ಕಳು ಕಡಿಮೆಯಾದರೆ, ಕಡೇಪಕ್ಷ ಆಗ ಕಲಿಯುತ್ತಿರುವ ಮಕ್ಕಳು ಹತ್ತನೇ ತರಗತಿ ಮುಗಿಸುವವರೆಗೆ ಅಲ್ಲಿಂದ ಒಬ್ಬ ಮೇಷ್ಟ್ರನ್ನೂ ಕದಲಿಸಬೇಡಿ. ಶಿಫಾರಸು ಬರೆದ ಅಧಿಕಾರಿಯ ಹೆಸರು ಆ ಕಾಗದದ ಕೆಳಗಿರಲಿ. ಫಲಿತಾಂಶ ಬಿದ್ದ ದಿನ ನೋಟಿಸು ಅವರಿಗೂ ಹೋಗಲಿ.

ಈ ಲೆಕ್ಕವನ್ನು ಸರ್ಕಾರ ತಾನಾಗಿಯೇ ಕೊಡುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕೆಂಬುದು ಕಾನೂನು. ನಿಮ್ಮ ಬಿಇಒ ಕಚೇರಿಗೆ ಇವತ್ತೇ ಬರೆಯಿರಿ: ಹತ್ತು ವರ್ಷದಲ್ಲಿ ನಮ್ಮ ತಾಲ್ಲೂಕಿನಲ್ಲಿ ಎಷ್ಟು ಹೊಸ ಹೈಸ್ಕೂಲಿಗೆ ಅನುಮತಿ ಸಿಕ್ಕಿದೆ, ಒಂದೊಂದರ ತಪಾಸಣಾ ವರದಿಯ ಪ್ರತಿ ಕೊಡಿ, ಅದರಲ್ಲಿ ಪಕ್ಕದ ಶಾಲೆಯ ಬಗ್ಗೆ ಬರೆದ ಪುಟ ಯಾವುದು ತೋರಿಸಿ, ಅದೇ ಹತ್ತು ವರ್ಷದಲ್ಲಿ ಎಷ್ಟು ಶಿಕ್ಷಕರನ್ನು ಹೆಚ್ಚುವರಿ ಎಂದು ಎಲ್ಲಿಂದ ಎಲ್ಲಿಗೆ ಕಳಿಸಿದಿರಿ ಹೇಳಿ. ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಬಂದ ಉತ್ತರದ ಪ್ರತಿಯನ್ನು ಹಳೇ ಹೈಸ್ಕೂಲಿನ ಗೇಟಿಗೆ ಕಟ್ಟಿ, ಶಾಸಕರು ಆ ದಾರಿಯಲ್ಲಿ ಬಂದಾಗ ಕಾರು ನಿಲ್ಲಿಸಿ ಓದಿಸಿ.