ಕೀಲುಗಳ ಸದ್ದನ್ನು ಕುರಿತು

ಶ್ರೀಮಠದ ಚಿಕಿತ್ಸಾ ಶಿಬಿರಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರ ಮೊದಲ ಮಾತು, “ಡಾಕ್ಟರೇ, ಮೊಣಕಾಲು ಕಟಕಟ ಎನ್ನುತ್ತದೆ.” ನೋವಿದೆಯೇ ಎಂದರೆ ಕೆಲವರು ಇಲ್ಲವೆನ್ನುತ್ತಾರೆ. ಆದರೂ ಭಯದಿಂದ ನಡೆದಾಡುವುದನ್ನೇ ಬಿಟ್ಟಿರುತ್ತಾರೆ.

ಸದ್ದನ್ನು ಆಲಿಸಿ ಕೀಲನ್ನು ಪರೀಕ್ಷಿಸುವುದು ನಮ್ಮ ಶಾಸ್ತ್ರಕ್ಕೆ ಹೊಸತಲ್ಲ. ವೈದ್ಯನು ಕಿವಿಯಿಂದ ಅರಿಯಬೇಕಾದವುಗಳಲ್ಲಿ ಚರಕಸಂಹಿತೆಯ ವಿಮಾನಸ್ಥಾನವು ಕರುಳಿನ ಸದ್ದಿನೊಡನೆ ಬೆರಳ ಗಿಣ್ಣುಗಳ ಸದ್ದನ್ನೂ ಹೇಳಿದೆ. ಈಗ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯವರು ಪುಟ್ಟ ಮೈಕ್ರೊಫೋನುಗಳುಳ್ಳ ಪಟ್ಟಿಯನ್ನು ಮೊಣಕಾಲಿಗೆ ಕಟ್ಟಿ ಇದೇ ಸದ್ದನ್ನು ದಾಖಲಿಸುತ್ತಿದ್ದಾರೆ. ಕ್ಷಕಿರಣದ ಹಂಗಿಲ್ಲದೆ ಒಂದೇ ಕೀಲನ್ನು ಮತ್ತೆ ಮತ್ತೆ ಪರೀಕ್ಷಿಸಲು ಇಂತಹ ಉಪಕರಣ ಉಪಯುಕ್ತವೇ ಸರಿ.

ಆದರೆ ಎಲ್ಲ ಸದ್ದೂ ರೋಗವಲ್ಲ. ಬೆರಳು ನೆಟಿಗೆ ಮುರಿದಾಗ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯುಂಟಾಗಿ ಸದ್ದಾಗುತ್ತದೆ, ಅಷ್ಟೇ. ಮೊಣಚಿಪ್ಪಿನ ಮೇಲೆ ಅಂಗೈಯಿಟ್ಟು ಕಾಲು ಮಡಿಸಿದಾಗ ಬೀಸುಕಲ್ಲಿಗೆ ಮರಳು ಸಿಕ್ಕಂತೆ ಕರಕರ ಎನ್ನುತ್ತಿದ್ದು, ಜೊತೆಗೆ ನೋವೂ ಇದ್ದರೆ ಸಂಧಿವಾತವನ್ನು ಶಂಕಿಸಬೇಕು. ನೋವಿಲ್ಲದವರು ನಿಶ್ಚಿಂತೆಯಿಂದ ನಡೆಯಲಿ. ತೊಡೆಯ ಸ್ನಾಯು ಬಲವಾಗಿದ್ದಷ್ಟೂ ಮೊಣಕಾಲಿಗೆ ಆಸರೆ.

ನನಗಿರುವ ಆತಂಕ ಬೇರೆ. ಹಲವು ವರ್ಷಗಳ ಹಿಂದೆ ಮಗ್ಗದ ಕೆಲಸದ ತಾಯಿಯೊಬ್ಬರು ಬೆರಳ ಗಿಣ್ಣು ಊದಿದೆಯೆಂದು ನನ್ನಲ್ಲಿಗೆ ಬಂದರು. ಮಡಿಸಿ ನೋಡಿದೆ, ಸದ್ದಿರಲಿಲ್ಲ. ಸವೆತವಲ್ಲವೆಂದು ಸಮಾಧಾನ ಹೇಳಿ, ಹಚ್ಚಲು ತೈಲ ಕೊಟ್ಟು ಕಳಿಸಿದೆ. ತಿಂಗಳುಗಳ ನಂತರ ಅವರು ಮರಳಿದಾಗ ಬೆರಳುಗಳು ಸೊಟ್ಟಗಾಗತೊಡಗಿದ್ದವು. ಅದು ಆಮವಾತ. ಆಮವಿರುವಾಗ ತೈಲಾಭ್ಯಂಗ ಸಲ್ಲದೆಂಬುದು ವಿದ್ಯಾರ್ಥಿಯೂ ಬಲ್ಲ ಪಾಠ; ನಾನು ಕಿವಿಯನ್ನು ನಂಬಿ ಕಣ್ಣನ್ನು ಮರೆತಿದ್ದೆ. ಅವರು ಮತ್ತೆ ಮಗ್ಗಕ್ಕೆ ಕೂರಲಿಲ್ಲ.

ಆಮವಾತ ಸದ್ದು ಮಾಡದೆಯೇ ಕೀಲನ್ನು ಕೆಡಿಸಬಲ್ಲದು. ಎರಡೂ ಕೈಗಳ ಗಿಣ್ಣುಗಳಲ್ಲಿ ಊತ, ಮುಟ್ಟಿದರೆ ಬಿಸಿ, ಬೆಳಗಿನ ಬಿಗಿತ ಒಂದು ಗಂಟೆಗೂ ಮಿಕ್ಕಿ ಉಳಿಯುವುದು, ಇವು ಅದರ ಗುರುತು. ಸಂಧಿವಾತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲುತ್ತದೆ. ಆಮವಾತದ ಶಂಕೆಯಿದ್ದವರು ರಕ್ತಪರೀಕ್ಷೆ ಮಾಡಿಸಿ ಆಧುನಿಕ ಕೀಲುರೋಗ ತಜ್ಞರನ್ನು ಬೇಗ ಕಾಣಬೇಕು. ಮೊದಲ ತಿಂಗಳುಗಳಲ್ಲೇ ಔಷಧ ಆರಂಭಿಸಿದರೆ ಅಂಗವಿರೂಪವನ್ನು ಬಹುಮಟ್ಟಿಗೆ ತಡೆಯಬಹುದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಮುಂದಿನ ಶಿಬಿರಕ್ಕೆ ಬರುವವರು ಒಂದು ವಾರ ಮುಂಜಾನೆ ಗಡಿಯಾರ ನೋಡಿ, ಬೆರಳುಗಳು ಸಡಿಲಾಗಲು ಎಷ್ಟು ನಿಮಿಷ ಹಿಡಿಯಿತೆಂದು ಚೀಟಿಯಲ್ಲಿ ಬರೆದು ತನ್ನಿರಿ. ನಾನು ಮೊದಲು ಆ ಚೀಟಿಯನ್ನೇ ಕೇಳುತ್ತೇನೆ.