'ಮೇ' ಅಂದ್ರೆ ಎಷ್ಟು, 'ಶಲ್' ಅಂದ್ರೆ ಎಷ್ಟು?



ಇಂಗ್ಲಿಷ್ ಕ್ಲಾಸುಗಳಲ್ಲಿ ನಮ್ಮ ಹುಡುಗರಿಗೆ ಮೇ, ಮೈಟ್, ಮಸ್ಟ್ ಕಲಿಸೋದು ಮಳೆ ಲೆಕ್ಕದಲ್ಲಿ. 'ಇಟ್ ಮೇ ರೈನ್' ಅಂದ್ರೆ ಮಳೆ ಬರಬಹುದು. 'ಇಟ್ ಮೈಟ್ ರೈನ್' ಅಂದ್ರೆ ಬಂದರೂ ಬರಬಹುದು. ಅಲ್ಲಿಗೆ ಪಾಠ ಮುಗೀತು. ಆದರೆ ಈ ಪದಗಳು ನಮ್ಮ ಬದುಕನ್ನು ತೀರ್ಮಾನ ಮಾಡೋದು ಠಾಣೆಯಲ್ಲಿ, ಕೋರ್ಟಿನಲ್ಲಿ, ಕಚೇರಿ ಕಡತದಲ್ಲಿ. ಅದನ್ನು ಯಾವ ಮೇಷ್ಟ್ರೂ ಹೇಳಲ್ಲ.

ಮೊದಲು ವ್ಯಾಕರಣ. ಮನೆಯಲ್ಲಿ ದೀಪ ಉರೀತಿದೆ, ಚಪ್ಪಲಿ ಬಾಗಿಲಲ್ಲೇ ಇದೆ. 'ಹೀ ಮಸ್ಟ್ ಬಿ ಅಟ್ ಹೋಮ್', ಮನೆಯಲ್ಲೇ ಇರಬೇಕು. ಸಾಕ್ಷಿ ಸಾಲದಿದ್ದರೆ ಮೇ, ಇರಬಹುದು. ಸಾಕ್ಷಿ ಉಲ್ಟಾ ಇದ್ದರೆ 'ಕಾಂಟ್ ಬಿ', ಇರೋಕೆ ಸಾಧ್ಯವೇ ಇಲ್ಲ. ಅಂದರೆ ಪದ ಆರಿಸಬೇಕಾದ್ದು ಸಾಕ್ಷಿ. ನಮ್ಮ ವಿಷಯಕ್ಕೆ ಬಂದಾಗ ಮಾತ್ರ ಪದ ಆರಿಸೋದು ಜಾತಿ! ಊರಲ್ಲಿ ಕಳ್ಳತನ ಆದರೆ 'ಕೇರಿಯವರೇ ಇರಬೇಕು'. ಮ್ಯಾನ್‌ಹೋಲಿನಲ್ಲಿ ನಮ್ಮ ಹುಡುಗ ಸತ್ತರೆ 'ತಾನೇ ಇಳಿದಿರಬಹುದು, ಕುಡಿದಿದ್ದರೂ ಇರಬಹುದು'. ಕದ್ದಿದ್ದನ್ನು ಯಾರೂ ನೋಡಿಲ್ಲ, ಆದರೂ ಖಾತ್ರಿ. ಹೆಣ ಕಣ್ಣೆದುರಿಗಿದೆ, ಆದರೂ ಅನುಮಾನ.

ಕಾನೂನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 1872ರ ಸಾಕ್ಷ್ಯ ಅಧಿನಿಯಮದ 4ನೇ ಕಲಮಿನಲ್ಲೇ 'ಮೇ ಪ್ರಿಸ್ಯೂಮ್' ಬೇರೆ, 'ಶಲ್ ಪ್ರಿಸ್ಯೂಮ್' ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನಲ್ಲೂ ಇದು ಉಳಿದಿದೆ. ಮೇ ಇದ್ದರೆ ನ್ಯಾಯಾಲಯ ನಂಬಬಹುದು, ಇಲ್ಲವೇ 'ರುಜುವಾತು ತನ್ನಿ' ಅನ್ನಬಹುದು. ಶಲ್ ಇದ್ದರೆ, ಸುಳ್ಳೆಂದು ಸಾಬೀತಾಗುವವರೆಗೆ ನಂಬಲೇಬೇಕು.

ಇದರಿಂದ ನಮಗೇನು ಅಂತೀರಾ? ದೌರ್ಜನ್ಯ ಮಾಡಿದವನ ಹಳೇ ಮಾತೊಂದಿದೆ: "ಅವನ ಜಾತಿ ನನಗೆ ಗೊತ್ತೇ ಇರಲಿಲ್ಲ ಸ್ವಾಮಿ." ಹುಟ್ಟಿದಾಗಿಂದ ಒಂದೇ ಊರು, ಲೋಟ ಮಾತ್ರ ಬೇರೆ ಇಟ್ಟಿದ್ದ, ಜಾತಿ ಗೊತ್ತಿರಲಿಲ್ಲವಂತೆ! 1989ರ ದೌರ್ಜನ್ಯ ತಡೆ ಕಾಯ್ದೆಗೆ ಬಂದ ತಿದ್ದುಪಡಿ, 2016ರ ಜನವರಿ 26ರಿಂದ, ಈ ಬಾಯಿಗೆ ಬೀಗ ಹಾಕಿದೆ. 8(ಸಿ) ಓದಿ. ಆರೋಪಿಗೆ ಸಂತ್ರಸ್ತರ ಅಥವಾ ಅವರ ಕುಟುಂಬದ ಪರಿಚಯ ಇದ್ದರೆ, ಜಾತಿ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸತಕ್ಕದ್ದು. ಗೊತ್ತಿರಲಿಲ್ಲ ಅಂತ ಸಾಬೀತು ಮಾಡೋ ಹೊರೆ ಅವನದು. ಅಲ್ಲಿರೋದು ಶಲ್. ಮೇ ಇದ್ದಿದ್ದರೆ ಆ ಹೊರೆ ಮತ್ತೆ ನಮ್ಮ ತಲೆಗೇ ಬರಬಹುದಿತ್ತು.

ಹಾಗಂತ ಶಲ್ ಕಂಡಕೂಡಲೇ ಕುಣೀಬೇಡಿ. ಸಂವಿಧಾನದ 16(4)ರಲ್ಲೂ ಶಲ್ ಇದೆ. ಅದು ಮೀಸಲಾತಿ ಕೊಡಲೇಬೇಕು ಅನ್ನಲ್ಲ, ಕೊಡೋದನ್ನು ಈ ವಿಧಿ ತಡೆಯಲ್ಲ ಅನ್ನುತ್ತೆ. 2020ರಲ್ಲಿ ಉತ್ತರಾಖಂಡದ ಬಡ್ತಿ ಮೀಸಲಾತಿ ಕೇಸಿನಲ್ಲಿ, ಸರ್ಕಾರ ಕೊಡಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ದಾರಿಯಲ್ಲಿ. ಪದದ ಜೊತೆ ಪೂರ್ತಿ ವಾಕ್ಯ ಓದಬೇಕು.

"ಕನ್ನಡ ಸಾಕು, ನಮಗ್ಯಾಕೆ ಇಂಗ್ಲಿಷ್ ವ್ಯಾಕರಣ" ಅನ್ನೋ ಗೆಳೆಯರಿಗೆ ಒಂದು ಮಾತು. ಹೈಕೋರ್ಟು, ಸುಪ್ರೀಂ ಕೋರ್ಟು ನಡೆಯೋದು ಇಂಗ್ಲಿಷಿನಲ್ಲಿ. ಕನ್ನಡದ ಕಡತದಲ್ಲೂ ಇದೇ ಆಟ ಇದೆ. ನಾನು ಗುಮಾಸ್ತ, ದಿನಾ ನೋಡ್ತೀನಿ. 'ಕ್ರಮ ಕೈಗೊಳ್ಳತಕ್ಕದ್ದು' ಅನ್ನೋ ಕಡೆ 'ಪರಿಶೀಲಿಸಬಹುದು' ಅಂತ ಬರೆದರೆ ಮುಗೀತು, ಮಾಡದಿದ್ದರೂ ಯಾರ ಮೇಲೂ ತಪ್ಪು ಬರಲ್ಲ. ಅರ್ಜಿ ಕೊಟ್ಟವರು ವರ್ಷಗಟ್ಟಲೆ ಅಲೀತಾರೆ.

ಆದ್ದರಿಂದ ಹಿಂಬರಹ ಕೈಗೆ ಬಂದರೆ ಮೊದಲು ವಾಕ್ಯದ ಕೊನೆ ನೋಡಿ. 'ಬಹುದು' ಇದ್ದರೆ ಸುತ್ತು ಹಾಕಿ, ಯಾವ ಕಲಮಿನ ಪ್ರಕಾರ ಬಹುದು ಅಂತ ಬರಹದಲ್ಲೇ ಕೇಳಿ. "ಮೊದಲು ವಿಚಾರಣೆ ಮಾಡಿ, ಆಮೇಲೆ ಎಫ್‌ಐಆರ್ ಹಾಕಬಹುದು" ಅಂತ ಠಾಣೆಯಲ್ಲಿ ಹೇಳಿದರೆ 2018ರ 18ಎ ತೋರಿಸಿ: ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಮಕ್ಕಳಿಗೆ ಮಳೆ ಜೊತೆ ಈ ಉದಾಹರಣೆಗಳನ್ನೂ ಕೊಡಿ.

17ನೇ ವಿಧಿಯಿಂದ ಶುರು ಮಾಡಿ. ಬಾಬಾಸಾಹೇಬರು ಅಧ್ಯಕ್ಷರಾಗಿದ್ದ ಕರಡು ಸಮಿತಿ ಅಲ್ಲಿ ಒಂದೇ ಒಂದು ಮೇ ಬಿಟ್ಟಿಲ್ಲ. ಅಸ್ಪೃಶ್ಯತೆ ಹೋಗಬಹುದು ಅಂತಿಲ್ಲ. ರದ್ದಾಗಿದೆ ಅಂತಿದೆ.